ಪೂಜೆಯಾದ ಲ್ಯಾಪ್‌ಟಾಪ್

ಊದುಬತ್ತಿಯ ಹೊಗೆ ಪಕ್ಕದ ಬಾಲ್ಕನಿಗೆ ನುಗ್ಗದಿರಲೆಂದು ಲಿಂಗರಾಜ ಒಂದು ಕೈಯಲ್ಲಿ ಅಂಗಡಿಯ ಜಾಹೀರಾತಿನ ಹಾಳೆ ಹಿಡಿದು ಬೀಸುತ್ತಿದ್ದ. ಇನ್ನೊಂದು ಕೈಯಲ್ಲಿ ಕುಂಕುಮದ ಭರಣಿ. ಎದುರಿಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಹೊಸ ಟವೆಲು ಹಾಸಿ, ಅದರ ಮೇಲೆ ಹೊಸ ಲ್ಯಾಪ್‌ಟಾಪನ್ನು ಪೂರ್ವಕ್ಕೆ ಮುಖಮಾಡಿ ಕೂರಿಸಿದ್ದ. ಮನೆಯೊಳಗೆ ಊದುಬತ್ತಿ ಹಚ್ಚುವಂತಿರಲಿಲ್ಲ. ಹೋದ ವರ್ಷ ಗಣೇಶನ ಹಬ್ಬಕ್ಕೆ ಹಚ್ಚಿದಾಗ ಚಾವಣಿಯ ಫೈರ್ ಅಲಾರ್ಮ್ ಬಾಯಿ ಬಡಿದುಕೊಂಡು ಇಡೀ ಕಟ್ಟಡವನ್ನು ಅಂಗಳಕ್ಕೆ ಇಳಿಸಿತ್ತು. ಅಂದಿನಿಂದ ಸ್ವೀಡನ್ನಿನ ಟ್ರೋಲ್‌ಹೆಟ್ಟನ್ನಿನ ಈ ಒಂಟಿ ಕೋಣೆಯ ಮನೆಗೆ ಬಾಲ್ಕನಿಯೇ ದೇವರ ಕೋಣೆ.

ಮುಚ್ಚಳದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದ. ನಡುವೆ ಕುಂಕುಮದ ಬೊಟ್ಟು. ಸೂಪರ್‌ಮಾರ್ಕೆಟ್ಟಿನಿಂದ ತಂದ ಸೇವಂತಿಗೆಯ ಕುಂಡದಿಂದ ಒಂದು ಹೂವು ಕಿತ್ತು ಏರಿಸಿ, ಪುಟ್ಟ ದೀಪ ಹಚ್ಚಿದ. ಆಮೇಲೆ ಲ್ಯಾಪ್‌ಟಾಪ್ ತೆರೆದು, ಕೀಲಿಮಣೆಯ ಮೇಲೆ ಅರಿಶಿನದ ಅಕ್ಷತೆಯನ್ನು ಕೈ ಬಿಚ್ಚಿ ಹಾಕಿದ. ಅವನದು ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ ಪರೀಕ್ಷಕನ ಕೆಲಸ. ಲೋಹದಲ್ಲಿ ಕೂದಲೆಳೆಯಷ್ಟು ದೋಷವಿದ್ದರೂ ಬಿಡುವವನಲ್ಲ, ಯಂತ್ರದ ಮೇಲೆ ಧೂಳು ಕಂಡರೆ ಮೈ ಪರಚಿಕೊಳ್ಳುವವನು. ಆದರೆ ಕೀಲಿಗಳ ಸಂದಿನಲ್ಲಿ ಅಕ್ಕಿಕಾಳು ಇಳಿಯುವಾಗ ಅದು ಧೂಳಿನ ಜಾತಿಗೆ ಸೇರಿದ್ದು ಎಂದು ಅವನಿಗೆ ಹೊಳೆಯಲೇ ಇಲ್ಲ. ಶ್ರಾವಣದ ಸೋಮವಾರ, ಮಗಳ ಓದಿನ ವಸ್ತು, ಹಾಕಿದಷ್ಟೂ ಒಳ್ಳೆಯದೇ.

"ಹುಟ್ಟುಹಬ್ಬವಾ?" ಎಂದು ಯಾರೋ ಸ್ವೀಡಿಷಿನಲ್ಲಿ ಕೇಳಿದರು.

ಪಕ್ಕದ ಬಾಲ್ಕನಿಯ ಅಜ್ಜಿ ಟೊಮೆಟೊ ಗಿಡಕ್ಕೆ ನೀರು ಹಾಕುವುದನ್ನು ಬಿಟ್ಟು ದೀಪ, ಹೂವು, ಹೊಸ ವಸ್ತುವನ್ನೆಲ್ಲ ಕಣ್ಣರಳಿಸಿ ನೋಡುತ್ತಿದ್ದಳು. ಮಗಳು, ವಿಶ್ವವಿದ್ಯಾಲಯ, ದೇವರು, ಸೋಮವಾರ, ಇಷ್ಟನ್ನೂ ಸ್ವೀಡಿಷಿನಲ್ಲಿ ಹೇಗೆ ಪೋಣಿಸುವುದೆಂದು ಲಿಂಗರಾಜ ಒಂದು ಗಳಿಗೆ ಲೆಕ್ಕ ಹಾಕಿದ. "ಹೌದು" ಎಂದುಬಿಟ್ಟ. ಅಜ್ಜಿ ನೀರಿನ ಡಬ್ಬಿ ಎತ್ತಿ ಹಿಡಿದು ಶುಭಾಶಯ ಹೇಳಿದಳು. ಅವನು ಕೈ ಮುಗಿದ. ಆ ವಾರ ಇಡೀ ಕಟ್ಟಡದಲ್ಲಿ ಅವನನ್ನು ಮಾತಾಡಿಸಿದವಳು ಅವಳೊಬ್ಬಳೇ.

ಲಿಂಗರಾಜನ ಸಂಸಾರ ಇರುವುದು ಸ್ಟಾಕ್‌ಹೋಮಿನ ಪಕ್ಕದ ಸೋಲ್ನಾದಲ್ಲಿ. ಹೆಂಡತಿ ಮೀರಾಗೆ ಅಲ್ಲೇ ಒಂದು ಹಣಕಾಸಿನ ಕಂಪನಿಯಲ್ಲಿ ಕೆಲಸ. ಅವನ ಸ್ಟಾಕ್‌ಹೋಮಿನ ಕೆಲಸ ಮುಗಿದಾಗ ಸಿಕ್ಕಿದ್ದು ದೇಶದ ಈ ತುದಿಯ ಕಾರ್ಖಾನೆ. ಮಗಳು ಚಾರ್ವಿ ಆಗಷ್ಟೇ ಹೈಸ್ಕೂಲಿನ ಮೇಲಿನ ತರಗತಿಗೆ ಸೇರಿದ್ದಳು. ಅವಳ ಓದು ಕೆಡಿಸುವುದು ಬೇಡವೆಂದು ಅವನೊಬ್ಬನೇ ಪೆಟ್ಟಿಗೆ ಕಟ್ಟಿಕೊಂಡು ಬಂದ. ಒಂದು ವರ್ಷದ ಮಟ್ಟಿಗೆ ಅಂದುಕೊಂಡದ್ದು ಮೂರಾಯಿತು. ಹದಿನೈದು ದಿನಕ್ಕೊಮ್ಮೆ ರೈಲು ಹತ್ತಿ ಹೋಗಿ ಬರುತ್ತಾನೆ. ಹೋದಾಗಲೆಲ್ಲ ಮನೆ ತಾನಿಲ್ಲದೆಯೂ ಚೆನ್ನಾಗಿಯೇ ನಡೆಯುತ್ತಿರುವುದು ಕಾಣುತ್ತದೆ. ಅದರಲ್ಲಿ ತಪ್ಪೇನಿಲ್ಲ, ನಡೆಯಬೇಕಾದ್ದೇ. ಆದರೂ ಊಟದ ಮೇಜಿನಲ್ಲಿ ತನ್ನ ಕುರ್ಚಿಯ ಮೇಲೆ ಇಸ್ತ್ರಿಯಾಗದ ಬಟ್ಟೆಯ ರಾಶಿ ಕೂತಿರುವುದನ್ನು ನೋಡಿದಾಗ ಅವನಿಗೆ ಪಿಚ್ಚೆನಿಸುತ್ತದೆ.

ಆ ಮೂರು ವರ್ಷದಲ್ಲಿ ಚಾರ್ವಿ ಬೆಳೆದದ್ದು ಅವನಿಗೆ ಕಂತಿನಲ್ಲಿ ಸಿಕ್ಕಿತು. ಆರ್ಕಿಟೆಕ್ಚರ್ ಓದುತ್ತೇನೆ ಎಂದದ್ದು ಫೋನಿನಲ್ಲಿ. ದೂರದ ಉತ್ತರದ ಊಮೆಯೊ ಊರಿನಲ್ಲಿ ಸೀಟು ಸಿಕ್ಕಿತು ಎಂದದ್ದೂ ಫೋನಿನಲ್ಲಿ, ಅವನು ಶಿಫ್ಟಿಗೆ ಹೊರಟಿದ್ದಾಗ. ಜೂನಿನಲ್ಲಿ ಶಾಲೆ ಮುಗಿದ ದಿನ, ಇಲ್ಲಿನ ತಂದೆ ತಾಯಿಗಳು ಮಾಡುವಂತೆ ಅವಳು ಮಗುವಾಗಿದ್ದಾಗಿನ ಫೋಟೊ ಅಂಟಿಸಿದ ಹಲಗೆಯನ್ನು ಎತ್ತಿ ಹಿಡಿದು ಶಾಲೆಯ ಅಂಗಳದಲ್ಲಿ ನಿಂತಿದ್ದ. ಶಾಲೆ ಮುಗಿಸಿದವರ ಬಿಳಿ ಟೋಪಿ ಹಾಕಿಕೊಂಡು ಓಡಿಬಂದವಳು ಒಮ್ಮೆ ಗಟ್ಟಿಯಾಗಿ ಅಪ್ಪಿ, ಗೆಳತಿಯರು ಮೆರವಣಿಗೆಗೆಂದು ಗೊತ್ತುಮಾಡಿದ್ದ ಲಾರಿ ಹತ್ತಿ ಕುಣಿಯುತ್ತ ಹೊರಟುಹೋದಳು. ಹಲಗೆಯನ್ನು ಏನು ಮಾಡುವುದೆಂದು ತಿಳಿಯದೆ ಅವನು ಅದನ್ನು ಟ್ರಾಮಿನಲ್ಲಿ ಮಡಿಲ ಮೇಲೆ ಮಗುಚಿಟ್ಟುಕೊಂಡು ಬಂದ.

ಉಳಿದಿದ್ದದ್ದು ಲ್ಯಾಪ್‌ಟಾಪ್ ಒಂದೇ. ಶಾಲೆಯವರು ಓದಿಗೆಂದು ಕೊಟ್ಟಿದ್ದನ್ನು ಶಾಲೆ ಮುಗಿದ ವಾರವೇ ವಾಪಸ್ ತೆಗೆದುಕೊಂಡಿದ್ದರು. ಕಾಲೇಜಿಗೆ ಒಂದು ಬೇಕೇ ಬೇಕು. ಲ್ಯಾಪ್‌ಟಾಪ್ ಆರಿಸುವುದರಲ್ಲಿ ಲಿಂಗರಾಜ ಎತ್ತಿದ ಕೈ. ಸ್ಟಾಕ್‌ಹೋಮಿನ ಕನ್ನಡ ಬಳಗದಲ್ಲಿ ಯಾರ ಮನೆಗೆ ಬೇಕಾದರೂ ಮೊದಲ ಫೋನು ಅವನಿಗೇ ಬರುತ್ತಿತ್ತು. ಅವನು ಬೇಡವೆಂದದ್ದನ್ನು ಕೊಂಡವರು ಆಮೇಲೆ ಹಲುಬಿದ್ದುಂಟು. ಊರಿಗೆಲ್ಲ ಆರಿಸಿಕೊಟ್ಟವನು ಮಗಳಿಗೆ ಆರಿಸದಿರುತ್ತಾನೆಯೇ? ಅವನಿಗೆ ಬೇಕಾದದ್ದು ಇಷ್ಟೇ: ಮನೆ ಬಿಟ್ಟು ಹೋಗುವ ಮಗಳ ಚೀಲದಲ್ಲಿ ತಾನು ಆರಿಸಿದ್ದು ಒಂದಾದರೂ ಇರಬೇಕು, ದಿನವೂ ಅವಳ ಕೈ ಅದರ ಮೇಲೆ ಆಡುತ್ತಿರಬೇಕು. ಇದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಫಿಕಾ ಎಂಬ ಇಲ್ಲಿನ ಕಾಫಿ ವಿರಾಮದಲ್ಲಿ ಕಪ್ಪು ಹಿಡಿದು ಸಹೋದ್ಯೋಗಿಗಳಿಗೆ ಗ್ರಾಫಿಕ್ಸ್ ಕಾರ್ಡಿನ ವಿಷಯ ಮಾತ್ರ ಅತಿಯಾಗಿ ಕೊರೆದಿದ್ದ.

ಪೂಜೆ ಮುಗಿಸಿದ ಸಂಜೆ ಮೀರಾ ಫೋನ್ ಮಾಡಿದಳು. ಅವಳು ಮೈಸೂರಿನವಳು, ಮಾತು ನಯ.

"ಶನಿವಾರ ಬರ್ತೀರಲ್ಲ? ಮಂಗಳವಾರ ಹೊರಡ್ತಾಳೆ ಇವ್ಳು."

"ಬರ್ತೀನಿ. ಲ್ಯಾಪ್‌ಟಾಪ್ ವಿಷಯ ಏನಂದ್ಳು?"

ಆ ಕಡೆ ಪಾತ್ರೆ ಸರಿಸಿದ ಸದ್ದು. "ಬನ್ನಿ, ಅವ್ಳೇ ಮಾತಾಡ್ಬೇಕಂತೆ ನಿಮ್ಮತ್ರ."

ಲಿಂಗರಾಜ ಒಳಗೊಳಗೇ ಹಿಗ್ಗಿದ. ಕೇಳಲಿ, ಕೇಳುವ ಮೊದಲೇ ಮೇಜಿನ ಮೇಲೆ ಇರುತ್ತದೆ. ಮುಂದಿನ ಸಂಜೆಗಳನ್ನೆಲ್ಲ ಅದಕ್ಕೇ ಕೊಟ್ಟ. ಕಟ್ಟಡದ ಚಿತ್ರ ಬರೆಯುವ ಸಾಫ್ಟ್‌ವೇರುಗಳನ್ನು ಒಂದೊಂದಾಗಿ ಹಾಕಿದ. ಒಂದು ಮಾದರಿ ಮನೆಯನ್ನು ತೆರೆದು, ಪರದೆಯ ಮೇಲೆ ಅದನ್ನು ಎಲ್ಲ ಬದಿಗೂ ತಿರುಗಿಸಿ ನೋಡಿದ. ಎಲ್ಲೂ ತಡವರಿಸಲಿಲ್ಲ. ಯಾರೂ ಇಲ್ಲದ ಆ ಗಾಜಿನ ಮನೆಯ ಕೋಣೆ ಕೋಣೆಯನ್ನೂ ಹೊಕ್ಕು ಹೊರಬಂದು, ಅನ್ನ ಆರಿದ್ದು ಗೊತ್ತಾದ ಮೇಲೆ ಎದ್ದ.

ಶನಿವಾರ ಬೆಳಗಿನ ರೈಲಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದ. ಟಿಕೆಟ್ ನೋಡಲು ಬಂದವಳು ಮೇಲಿನ ಹಲಗೆ ಖಾಲಿ ಇದೆಯೆಂದು ತೋರಿಸಿದಳು. ಇರಲಿ ಎಂದು ನಕ್ಕ.

ಸೋಲ್ನಾದ ಮನೆಯ ಬಾಗಿಲಿನಿಂದಲೇ ರಟ್ಟಿನ ಪೆಟ್ಟಿಗೆಗಳು ಶುರುವಾಗಿದ್ದವು. ಒಗ್ಗರಣೆಯ ವಾಸನೆ ಬರುತ್ತಿತ್ತು. ಚಾರ್ವಿ ಕೋಣೆಯಿಂದ ಓಡಿಬಂದು ಕೊರಳಿಗೆ ಬಿದ್ದಳು. ಎತ್ತರದಲ್ಲಿ ಅವನನ್ನು ಯಾವಾಗಲೋ ದಾಟಿದ್ದಳು. ಅಪ್ಪಿಕೊಂಡರೆ ಅವನ ಗದ್ದ ಅವಳ ಭುಜಕ್ಕೆ ಬರುತ್ತಿತ್ತು.

"ಪಪ್ಪಾ, ಬಂದ್ಯಾ! ಐ ಹ್ಯಾವ್ ಟು ಟೆಲ್ ಯೂ ಸಮ್‌ಥಿಂಗ್."

"ಹೇಳೀಯಂತ, ಮೊದ್ಲು ಇಲ್ಲಿ ಕೂಡು" ಎಂದು ಲಿಂಗರಾಜ ತನ್ನ ಕುರ್ಚಿಯ ಬಟ್ಟೆ ರಾಶಿಯನ್ನು ಸೋಫಾದ ಮೇಲೆ ಸುರಿದು, ಚೀಲವನ್ನು ಮೇಜಿನ ಮೇಲಿಟ್ಟ. ಮನೆಯಲ್ಲಿ ಅವನು ತನ್ನ ರಾಣೆಬೆನ್ನೂರಿನ ಮಾತನ್ನು ಸ್ವಲ್ಪ ಇಸ್ತ್ರಿ ಮಾಡಿಯೇ ಆಡುತ್ತಿದ್ದ, ಖುಷಿಯಾದಾಗ ಮಾತ್ರ ಅದು ತಾನಾಗಿ ಸುಕ್ಕು ಬೀಳುತ್ತಿತ್ತು. "ತಗಿ. ನೀನ ತಗಿ."

ಚಾರ್ವಿ ಚೀಲದೊಳಗಿನ ಪೆಟ್ಟಿಗೆ ಬಿಚ್ಚಿ ತೆಗೆದಳು. ವಿಭೂತಿಯ ಪಟ್ಟೆ, ಕುಂಕುಮ, ಅಂಚಿಗೆ ಅಂಟಿಕೊಂಡಿದ್ದ ಒಣ ಎಸಳು.

"ಓಯ್" ಎಂದಳು.

ಸ್ವೀಡನ್ನಿನವರು ಹಾಲು ಚೆಲ್ಲಿದಾಗಲೂ ಓಯ್ ಅನ್ನುತ್ತಾರೆ, ಉಡುಗೊರೆ ಕಂಡಾಗಲೂ ಅದನ್ನೇ ಅನ್ನುತ್ತಾರೆ. ಲಿಂಗರಾಜ ಎರಡನೆಯದೆಂದುಕೊಂಡು ಮುಂದುವರಿಸಿದ. "ಗ್ರಾಫಿಕ್ಸ್ ಕಾರ್ಡ್ ಬ್ಯಾರೇನ ಐತಿ ಇದಕ್ಕ. ನಿನ್ನ ಬಿಲ್ಡಿಂಗ್ ಎಲ್ಲಾ ಹಿಂಗ ಗಿರಗಿರ ತಿರಗ್ತಾವ ನೋಡು. ಸಾಫ್ಟ್‌ವೇರ್ ಎಲ್ಲಾ ಹಾಕೇನಿ. ನೀ ಹೋಗಿ ಪ್ಲಗ್ ಹಾಕೂದೊಂದ ಬಾಕಿ."

ಅವಳು ಅಮ್ಮನ ಕಡೆ ನೋಡಿದಳು. ಮೀರಾ ಒಲೆಯ ಕಡೆ ನೋಡಿದಳು. ಅವಲಕ್ಕಿಯನ್ನು ಅಷ್ಟು ಹೊತ್ತು ಕೆದಕುವ ಅಗತ್ಯವೇನೂ ಇರಲಿಲ್ಲ.

"ಪಪ್ಪಾ, ಇಟ್ಸ್ ರಿಯಲಿ ನೈಸ್. ಥ್ಯಾಂಕ್ಯೂ. ಬಟ್..." ಚಾರ್ವಿ ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. "ನಾನ್ ಆಲ್ರೆಡಿ ತಗೊಂಡೆ. ಹೋದ್ ವಾರ. ಅದನ್ನೇ ಹೇಳ್ಬೇಕಿತ್ತು."

ಒಳಗೆ ಹೋಗಿ ತಂದಳು. ಬೂದು ಬಣ್ಣದ ತೆಳ್ಳಗಿನ ಲ್ಯಾಪ್‌ಟಾಪ್. ಮುಚ್ಚಳದ ತುಂಬ ಯಾರೋ ಅಂಟಿಸಿದ ಚಿತ್ರಗಳು: ಒಂದು ಕಡವೆ, ಒಂದು ಸೈಕಲ್ಲು, ಅರ್ಧ ಹರಿದ ಒಂದು ನಿಂಬೆಹಣ್ಣು. ಉಪ್ಸಲಾದ ಒಬ್ಬ ಹುಡುಗ ಓದು ಮುಗಿಸಿ ಮಾರಿದ್ದು. ಬೇಸಿಗೆಯಲ್ಲಿ ವೃದ್ಧಾಶ್ರಮದಲ್ಲಿ ದುಡಿದ ಸಂಬಳದಲ್ಲಿ ಕೊಂಡೆ ಎಂದಳು. ಹೇಳುವಾಗ ಮುಖ ಅರಳಿತ್ತು. ಅದನ್ನು ಮುಚ್ಚಿಡಲು ಅವಳು ಪ್ರಯತ್ನಿಸುತ್ತಿದ್ದುದೂ ಕಾಣುತ್ತಿತ್ತು.

 ಯಂತ್ರ ಎದುರಿಗಿರುವಾಗ ಲಿಂಗರಾಜನ ಬಾಯಿಗೆ ಮೊದಲು ಬಂದದ್ದು ಪರೀಕ್ಷಕನ ಮಾತೇ.

"ಬ್ಯಾಟರಿ ಎಷ್ಟ್ ಸವೆದೈತಿ ಅಂತ ನೋಡಿದ್ಯಾ?"

"ನೋಡ್ದೆ. ಚೆನ್ನಾಗಿದೆ."

"ತಿರುಗಣಿ? ಮುಚ್ಚಿ ತೆಗೆದು ಮಾಡಿ ನೋಡ್ಬೇಕು."

"ಮಾಡ್ದೆ ಪಪ್ಪಾ."

"ಕದ್ದ ಮಾಲ್ ಇರ್ತಾವ. ಬಿಲ್ಲು?"

"ಇದೆ. ಅವ್ನ ಹೆಸರಲ್ಲೇ ಇದೆ, ಐಡಿ ಕೂಡ ಚೆಕ್ ಮಾಡ್ದೆ."

"ಪರದೆ ಮ್ಯಾಲೆ ಸತ್ತ ಚುಕ್ಕಿ..."

"ಒಂದೂ ಇಲ್ಲ. ಬಿಳಿ, ಕಪ್ಪು ಎರಡರಲ್ಲೂ ನೋಡ್ದೆ."

ಇನ್ನೇನು ಕೇಳುವುದು? ಹುಡುಕಿದ. ಅವನ ಹತ್ತಿರ ಪ್ರಶ್ನೆಗಳೇ ಮುಗಿದುಹೋಗಿದ್ದವು. ಇಷ್ಟು ಚೆನ್ನಾಗಿ ನೋಡಿ ತಂದವಳನ್ನು ಬೇರೆ ಯಾರ ಮಗಳಾಗಿದ್ದರೂ ಬೆನ್ನು ತಟ್ಟುತ್ತಿದ್ದ.

"ಮಂದಿ ಬಳಸಿ ಬಿಟ್ಟದ್ದು ಯಾಕ ಬೇಕಿತ್ತವ್ವಾ?" ಎಂದ ಕೊನೆಗೆ. ಅಣ್ಣನ ಚಡ್ಡಿ, ಮಾವನ ಮಗನ ಚಪ್ಪಲಿ, ಹಿಂದಿನವರ ಹೆಸರು ಗೀಚಿ ಅಳಿಸಿದ ಪಠ್ಯಪುಸ್ತಕಗಳಲ್ಲಿ ಓದಿ ಮೇಲೆ ಬಂದವನು ಅವನು. ಹೊಸ ಪುಸ್ತಕದ ವಾಸನೆ ಮೊದಲು ಮೂಗಿಗೆ ಬಿದ್ದದ್ದು ಇಂಜಿನಿಯರಿಂಗ್ ಸೇರಿದ ಮೇಲೆ. ನನ್ನ ಮಕ್ಕಳಿಗೆ ಬೇರೆಯವರದ್ದು ಬೇಡ ಎಂದು ಮದುವೆಗೆ ಮೊದಲೇ ತೀರ್ಮಾನಿಸಿದ್ದ.

"ಚೆನ್ನಾಗಿರೋದ್ ಇರುವಾಗ ಹೊಸದ್ಯಾಕೆ ಪಪ್ಪಾ? ನನ್ ಫ್ರೆಂಡ್ಸ್ ಯಾರೂ ಹೊಸದು ತಗೊಳಲ್ಲ. ಇಟ್ ಫೀಲ್ಸ್ ರಾಂಗ್." ಅವನ ಮುಖ ನೋಡಿ ತಕ್ಷಣ ದನಿ ಇಳಿಸಿದಳು. "ಇದನ್ನ ವಾಪಸ್ ಕೊಡ್ಬಹುದು. ಒಂದ್ ತಿಂಗಳು ಟೈಮ್ ಇರುತ್ತೆ. ಮಾಲ್‌ನಲ್ಲಿ ಅದೇ ಅಂಗಡಿ ಇದೆ, ಇವತ್ತೇ ಒಟ್ಟಿಗೆ ಹೋಗೋಣ. ಓಕೆ?"

"ಓಕೆ" ಎಂದ ಲಿಂಗರಾಜ. ಮಗಳ ಜೊತೆ ಒಮ್ಮೆ ಲ್ಯಾಪ್‌ಟಾಪ್ ಅಂಗಡಿಗೆ ಹೋಗಬೇಕೆಂಬ ಆಸೆ ಅವನಿಗೆ ವರ್ಷಗಳಿಂದ ಇತ್ತು. ಅದಂತೂ ಈಡೇರುವ ಹಾಗಾಯಿತು, ಉಲ್ಟಾ ಆದರೇನು.

ಅವಲಕ್ಕಿ ತಿಂದ ಮೇಲೆ ಚಾರ್ವಿ ಒದ್ದೆ ಟಿಶ್ಯೂ ತಂದು ಮುಚ್ಚಳ ಒರೆಸತೊಡಗಿದಳು. ವಿಭೂತಿ ಹೋಯಿತು. ಕುಂಕುಮ ಮಾತ್ರ ಒರೆಸಿದಷ್ಟೂ ಹರಡಿ ಬೆಳ್ಳಿ ಬಣ್ಣವನ್ನು ಗುಲಾಬಿ ಮಾಡಿತು. ಅವಳು ಇನ್ನೂ ಗಟ್ಟಿಯಾಗಿ ಉಜ್ಜಿದಳು.

"ಕೊಡಿಲ್ಲಿ, ನಾ ಒರಸ್ತೇನಿ" ಎಂದು ಲಿಂಗರಾಜ ಕಿತ್ತುಕೊಂಡ. ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತು ಬಹಳ ಹೊತ್ತು ಒರೆಸಿದ. ಮೀರಾ ಬಂದು ಪಕ್ಕದಲ್ಲಿ ನಿಂತಳು.

"ನನಗಾದ್ರೂ ಒಂದ್ ಮಾತ್ ಹೇಳ್ಬಾರ್ದಿತ್ತಾ, ತಗೊಂಡಿದ್ದೀನಿ ಅಂತ?" ಎಂದಳು ಮೆಲ್ಲಗೆ.

"ನೀ ಹೇಳಿದ್ಯಾ?"

ಮೀರಾ ಅವನ ತೋಳನ್ನು ಒಮ್ಮೆ ಹಿಡಿದು ಬಿಟ್ಟು ಒಳಗೆ ಹೋದಳು.

ಅಂಗಡಿಯಲ್ಲಿ ಚೀಟಿ ತೆಗೆದುಕೊಂಡು ಸರದಿ ಕಾಯಬೇಕಿತ್ತು. ಕಾಲೇಜು ಶುರುವಾಗುವ ದಿನಗಳು, ಎಲ್ಲ ಮೇಜಿನ ಮುಂದೂ ಯಾರದೋ ಮಕ್ಕಳು, ಯಾರದೋ ಅಪ್ಪಂದಿರು. ಒಬ್ಬ ಅಪ್ಪ ಏನೋ ವಿವರಿಸುತ್ತಿದ್ದ, ಅವನ ಮಗ ಫೋನು ನೋಡುತ್ತ ತಲೆಯಾಡಿಸುತ್ತಿದ್ದ. ಆ ಹುಡುಗನ ತಲೆಗೆ ಒಂದು ಮೊಟಕಬೇಕೆನಿಸಿತು ಲಿಂಗರಾಜನಿಗೆ.

ಅವರ ಸರದಿ ಬಂದಾಗ ಕೂದಲನ್ನು ಜುಟ್ಟು ಕಟ್ಟಿದ್ದ ಒಬ್ಬ ತರುಣ ನಗುನಗುತ್ತ ಪೆಟ್ಟಿಗೆ ತೆಗೆದುಕೊಂಡ. ಬಿಲ್ಲು ನೋಡಿದ. ಲ್ಯಾಪ್‌ಟಾಪ್ ಹೊರಗೆಳೆದು ಮುಚ್ಚಳದ ಗುಲಾಬಿ ಕಲೆಯ ಮೇಲೆ ಬೆರಳಾಡಿಸಿದ. ತೆರೆದು, ಪಕ್ಕಕ್ಕೆ ವಾಲಿಸಿದ. ತಿರುಗಣಿಯ ಸಂದಿನಿಂದ ಒಂದು ಹಳದಿ ಅಕ್ಕಿಕಾಳು ಉರುಳಿ ಕೌಂಟರಿನ ಗಾಜಿನ ಮೇಲೆ ಬಿತ್ತು. ಇನ್ನಷ್ಟು ವಾಲಿಸಿದ. ಇನ್ನೊಂದು ಬಿತ್ತು. ಕೀಲಿಗಳ ನಡುವೆ ಇಣುಕಿ, ಬೆರಳಿಗೆ ಹತ್ತಿದ ಪುಡಿಯನ್ನು ಬೆಳಕಿಗೆ ಹಿಡಿದು, ಇದೇನೆಂದು ಸ್ವೀಡಿಷಿನಲ್ಲಿ ಕೇಳಿದ. ಕೇಳುವುದರಲ್ಲಿ ಕುಹಕವಿರಲಿಲ್ಲ, ನಿಜಕ್ಕೂ ಅವನಿಗೆ ತಿಳಿಯದಾಗಿತ್ತು.

ಲಿಂಗರಾಜನಿಗೆ ಉತ್ತರ ಗೊತ್ತಿತ್ತು. ಟ್ರೋಲ್‌ಹೆಟ್ಟನ್ನಿನಲ್ಲಿ ಸಂಜೆಯ ತರಗತಿಗೆ ಹೋಗಿ ಅವನು ಸ್ವೀಡಿಷ್ ಕಲಿತಿದ್ದ. ಕಾರ್ಖಾನೆಯಲ್ಲಿ ಇಂಗ್ಲಿಷೇ ಸಾಕಿತ್ತು. ಮಗಳು ಗೆಳತಿಯರೊಡನೆ ಫೋನಿನಲ್ಲಿ ಮಾತಾಡಿ ನಗುವಾಗ ತಾನೂ ನಗಬೇಕು ಎಂದೇ ಕಲಿತದ್ದು. ದೇವರಿಗೆ, ಆಶೀರ್ವಾದಕ್ಕೆ ಅವರ ಪದಗಳು ಯಾವುವೆಂದು ನೆನಪು ಮಾಡಿಕೊಂಡು ಬಾಯಿ ತೆರೆದ.

ಚಾರ್ವಿ ಅವನಿಗಿಂತ ಮೊದಲು ಹೇಳಿದಳು. "ಓ, ಅದು ಮಸಾಲೆ. ಅಡುಗೆಮನೆಯಲ್ಲಿ ಸ್ವಲ್ಪ ಚೆಲ್ಲಿಬಿಟ್ಟೆವು" ಎಂದು ಸ್ವೀಡಿಷಿನಲ್ಲಿ ಹಗುರವಾಗಿ ಹೇಳಿ, ಹಗುರವಾಗಿ ನಕ್ಕಳು.

ಒಂದು ಪದವೂ ಬಿಡದಂತೆ ಅವನಿಗೆ ಅರ್ಥವಾಯಿತು.

ತರುಣ ನಗಲಿಲ್ಲ. ಪುಡಿ ಒಳಗೆ ಇಳಿದಿದೆ, ಇದನ್ನು ಹೊಸದೆಂದು ಇನ್ನೊಬ್ಬರಿಗೆ ಮಾರಲಾಗುವುದಿಲ್ಲ, ಕ್ಷಮಿಸಿ ಎಂದ. ಚಾರ್ವಿ ಬಿಡಲಿಲ್ಲ. ಸ್ವಚ್ಛ ಮಾಡಿಸಿದರೆ, ಬೇರೆ ಏನಾದರೂ ದಾರಿ ಇದ್ದರೆ, ಎಂದು ಒಂದೇ ಸಮನೆ ವಾದಿಸಿದಳು. ಅಪ್ಪನಿಗೆ ನಷ್ಟವಾಗಬಾರದೆಂದು ಅವಳು ಅಷ್ಟು ಗಟ್ಟಿಯಾಗಿ ನಿಂತದ್ದು ಲಿಂಗರಾಜನಿಗೆ ಕಾಣುತ್ತಿತ್ತು. ಆದರೆ ಅವನ ಕಣ್ಣು ಗಾಜಿನ ಮೇಲೆ ಬಿದ್ದ ಅಕ್ಷತೆಯ ಮೇಲಿತ್ತು. ತರುಣ ಮಾತಾಡುತ್ತಲೇ ಅವನ್ನು ಅಂಗೈಯಿಂದ ಸವರಿ ಕಸದ ಡಬ್ಬಿಗೆ ಹಾಕಿದ.

ವಾಪಸ್ ಬರುವ ಟ್ರಾಮಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಪೆಟ್ಟಿಗೆ ಅವನ ಮಡಿಲಲ್ಲಿತ್ತು. ಎರಡು ನಿಲ್ದಾಣ ದಾಟಿದವು.

"ಮಸಾಲಿ ಅಂದ್ಯಲ್ಲ" ಎಂದ ಲಿಂಗರಾಜ.

ಚಾರ್ವಿಯ ಕಿವಿ ಕೆಂಪಾಯಿತು. "ನಿಂಗೆ ಅರ್ಥ..." ಎಂದು ನಿಲ್ಲಿಸಿ, "ಮತ್ತೇನ್ ಹೇಳ್ಲಿ ಪಪ್ಪಾ? ಪೂಜೆ ಅಂದಿದ್ರೆ ಇನ್ನೂ ಹತ್ತು ಪ್ರಶ್ನೆ. ಹಿಂದೆ ಅಷ್ಟುದ್ದ ಕ್ಯೂ. ಮಸಾಲೆ ಅಂದ್ರೆ ಒರೆಸ್ಬಿಟ್ಟು ತಗೋತಾನೆ ಅಂದ್ಕೊಂಡೆ."

"ಹೌದು. ಖರೆ."

"ಬೇಜಾರ್ ಆಯ್ತಾ?"

"ಇಲ್ಲವ್ವಾ."

ಅವನಿಗೆ ಬೇಜಾರಾಗಿತ್ತು.  ಕಿಟಕಿಯಾಚೆ ನೋಡುವುದಕ್ಕೆ ಏನೂ ಇರಲಿಲ್ಲ, ಆದರೂ ನೋಡಿದ. ಆಮೇಲೆ ತಡೆಯದೆ ಕೇಳಿಯೇಬಿಟ್ಟ. "ತಗೊಳ್ಳೂಕಿಂತ ಮುಂಚೆ ನನಗ ಒಂದ ಮಾತ ಕೇಳಬೇಕು ಅನಿಸಲಿಲ್ಲೇನು? ಊರ ಮಂದಿ ಎಲ್ಲಾ ಕೇಳ್ತಾರ."

ಚಾರ್ವಿ ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೇಳಲಿಲ್ಲ.

"ಕೇಳಿದ್ರೆ ನೀನ್ ಚೂಸ್ ಮಾಡ್ಬಿಡ್ತಿದ್ದೆ. ಚೆನ್ನಾಗಿರೋದನ್ನೇ ಮಾಡ್ತಿದ್ದೆ, ಐ ನೋ. ಬಟ್ ನಾನ್ ಮಾಡ್ಬೇಕಿತ್ತು." ಬೆರಳಿನ ಉಂಗುರವನ್ನು ತಿರುಗಿಸುತ್ತ ಸೇರಿಸಿದಳು. "ಮೊದಮೊದ್ಲು ಏನಾದ್ರೂ ಡಿಸೈಡ್ ಮಾಡ್ಬೇಕಾದ್ರೆ ನೀನ್ ಬರೋ ಶನಿವಾರ ಬರ್ಲಿ ಅಂತ ಕಾಯ್ತಿದ್ದೆ. ಕಾದ್ರೆ ಅಷ್ಟರಲ್ಲಿ ಲೇಟ್ ಆಗಿರ್ತಿತ್ತು. ಹಾಗೇ ಅಭ್ಯಾಸ ಆಗೋಯ್ತು."

ದೂರುವ ದನಿಯಾಗಿದ್ದರೆ ಅವನು ಏನಾದರೂ ಸಮಜಾಯಿಷಿ ಹೇಳುತ್ತಿದ್ದ. ಅವಳು ದೂರಿರಲಿಲ್ಲ, ಇದ್ದದ್ದನ್ನು ಹೇಳಿದ್ದಳು. ಆ ಶನಿವಾರಗಳಲ್ಲಿ ಅವನು ಮನೆಗೆ ಬಂದು ಉಂಡು ಮಲಗುತ್ತಿದ್ದ. ಅವಳು ಏನಾದರೂ ಕೇಳಲು ಬಂದು, ಮಲಗಿದ್ದಾನೆಂದು ಹಿಂದಿರುಗಿದ್ದು ಎಷ್ಟು ಸಲವೋ. ಈಗ ಹಾಗೆ ಎಣಿಸಲು ಕೂತರೆ ತಲೆ ಕೆಡುವುದಷ್ಟೇ.

"ಎರಡೂ ಇಟ್ಕೋ" ಎಂದ. ಕೊನೆಯ ಸಲವೆಂದು ಅವನಿಗೇ ಗೊತ್ತಿತ್ತು. "ನಿಂದು ಕಾಲೇಜಿಗೆ ಒಯ್ಯಿ. ಇದು ರೂಮಿನಾಗ ಇರಲಿ. ಒಂದು ಮೂಲ್ಯಾಗ ಬಿದ್ದಿರ್ತೈತಿ, ಏನು ಹೇಳೂದಿಲ್ಲ ಕೇಳೂದಿಲ್ಲ."

ಚಾರ್ವಿ ಅವನ ಮುಂಗೈಯ ಮೇಲೆ ಕೈಯಿಟ್ಟಳು. "ಎರಡು ಯಾಕೆ ಪಪ್ಪಾ? ಬೇಕಾಗೋದು ಒಂದೇ ಅಲ್ವಾ." ಎಷ್ಟು ಮೃದುವಾಗಿ ಹೇಳಿದಳೆಂದರೆ, ಅದಕ್ಕೆ ಎದುರು ಹೇಳುವ ದಾರಿಯೇ ಇರಲಿಲ್ಲ. "ನೀನೇ ಯೂಸ್ ಮಾಡು. ನಿನ್ ಲ್ಯಾಪ್‌ಟಾಪ್ ಎಷ್ಟ್ ಹಳೇದಾಗಿದೆ."

ಅವನು ತಲೆಯಾಡಿಸಿದ. ಅವಳ ಕೈ ಇನ್ನೂ ಅಲ್ಲೇ ಇತ್ತು. ಇಳಿಯುವ ನಿಲ್ದಾಣ ಬಂದಾಗ ಗುಂಡಿ ಒತ್ತಲು ಅದನ್ನು ತೆಗೆದಳು.

ಸಂಜೆ ಮೀರಾ ಬಿಸಿಬೇಳೆಬಾತ್ ಮಾಡಿದ್ದಳು. ಮೂವರೂ ಒಟ್ಟಿಗೆ ಉಂಡರು. ಊಮೆಯೊದ ಚಳಿ, ಅಲ್ಲಿಗೆ ಬೇಕಾಗುವ ಬೂಟು, ಹಾಸ್ಟೆಲಿನ ಒಲೆ, ಹೀಗೆ ಏನೇನೋ ಮಾತು ನಡೆಯಿತು. ಲ್ಯಾಪ್‌ಟಾಪಿನ ಸುದ್ದಿ ಯಾರೂ ಎತ್ತಲಿಲ್ಲ. ಲಿಂಗರಾಜ ಒಂದೆರಡು ತಮಾಷೆಯನ್ನೂ ಮಾಡಿದ, ತಾಯಿ ಮಗಳು ಇಬ್ಬರೂ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ನಕ್ಕರು. ತಟ್ಟೆಗಳನ್ನು ತೊಳೆದಿಟ್ಟು ಬರುವಷ್ಟರಲ್ಲಿ ಮೀರಾ ತನ್ನ ಅಕ್ಕನ ಜೊತೆ ಫೋನಿಗೆ ಕೂತಿದ್ದಳು.

ಹೊರಗೆ ಹೊತ್ತು ಮುಳುಗಿತ್ತು. ಚಾರ್ವಿಯ ಕೋಣೆಯ ದೀಪವನ್ನು ಕಳಚಿ ಆಗಲೇ ಪೆಟ್ಟಿಗೆಗೆ ಹಾಕಿಯಾಗಿತ್ತು. ಇಲ್ಲಿ ಮನೆ ಬಿಡುವವರು ದೀಪಗಳನ್ನೂ ಕಟ್ಟಿಕೊಂಡೇ ಹೋಗುತ್ತಾರೆ. ಹಾಗಾಗಿ ಅವಳು ನಡುಮನೆಯ ಬೆಳಕು ಬೀಳುವಲ್ಲಿ, ಬಾಗಿಲಿನ ಹತ್ತಿರವೇ ನೆಲದ ಮೇಲೆ ಕೂತಿದ್ದಳು. ತಾನು ಕೊಂಡ ಲ್ಯಾಪ್‌ಟಾಪನ್ನು ಕವುಚಿ ಹಾಕಿ, ಅದರ ತಳದ ಸ್ಕ್ರೂಗಳನ್ನು ಬಿಚ್ಚುತ್ತಿದ್ದಳು. ಪಕ್ಕದಲ್ಲಿ ಒಂದು ಸ್ಟೀಲು ತಟ್ಟೆ, ಪುಟ್ಟದೊಂದು ಹೊಸ ಸ್ಕ್ರೂಡ್ರೈವರು, ಇನ್ನೂ ಬಿಚ್ಚದ ಮೆಮೊರಿ ಚಿಪ್ಪಿನ ಪೊಟ್ಟಣ.

ಲಿಂಗರಾಜ ಬಾಗಿಲಿಗೆ ಬಂದು ನಿಂತ. ಅವಳು ಸ್ಕ್ರೂಡ್ರೈವರನ್ನು ನೆಟ್ಟಗೆ ಹಿಡಿದಿದ್ದಳು, ಒತ್ತುವಷ್ಟೇ ಒತ್ತುತ್ತಿದ್ದಳು. ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಮೂಲೆಯ ಒಂದು ಸ್ಕ್ರೂ ಮಾತ್ರ ಜಾರುತ್ತಿತ್ತು. ಎರಡು ಸಲ ನೋಡಿದಳು, ಬರಲಿಲ್ಲ. ಅಂಥ ಸ್ಕ್ರೂವಿಗೆ ತುದಿಯನ್ನು ತುಸು ಓರೆ ಕೊಟ್ಟು, ಮೊದಲು ಬಿಗಿಮಾಡಿ ಆಮೇಲೆ ಬಿಚ್ಚಬೇಕು. ಹೇಳಲು ಅವನ ನಾಲಿಗೆ ತುದಿಯವರೆಗೂ ಬಂತು. ಕೈ ಕೂಡ ತಾನಾಗಿ ಮುಂದಾಯಿತು. ಒಂದು ಹೆಜ್ಜೆ ಮುಂದಿಟ್ಟ.

"ಪಪ್ಪಾ, ಬೆಳಕು" ಎಂದಳು ಚಾರ್ವಿ, ತಲೆ ಎತ್ತದೆ. "ನೆರಳು ಬೀಳ್ತಿದೆ."

ಅವನ ನೆರಳು ಅವಳ ಕೈ, ತಟ್ಟೆ, ಲ್ಯಾಪ್‌ಟಾಪು ಎಲ್ಲವನ್ನೂ ಮುಚ್ಚಿತ್ತು. ಲಿಂಗರಾಜ ಸರಕ್ಕನೆ ಹಿಂದೆ ಸರಿದು, ಬಾಗಿಲಿನಿಂದ ಆಚೆಗೆ ನಡುಮನೆಯ ಗೋಡೆಗೆ ಬೆನ್ನು ಹಚ್ಚಿ ನಿಂತುಕೊಂಡ. ಅಲ್ಲಿಂದ ಅವಳು ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ತಟ್ಟೆಗೆ ಒಂದು ಸ್ಕ್ರೂ ಬಿದ್ದ ಸದ್ದಾಯಿತು, ಅದರ ಹಿಂದೆಯೇ ಇನ್ನೊಂದು.